ಒಂದನೇ ನಂಬರಿನ ಯಜಮಾನರು

ತಮ್ಮ ಮನೆಯಲ್ಲಿ ಇನ್ನು ಮುಂದೆ ಯಾರೂ ಹಂಗಾಮಿಯಾಗಿ ಇರಕೂಡದು ಎಂದು ಜೀವನ್ ಬಿಮಾ ನಗರದ ವೆಂಕಟಾಚಲ ಅವರು ಶಪಥ ಮಾಡಿದರು.

ಯಾರೂ ಎಂದರೆ ಟಿ.ವಿ., ಫೋನು, ವಾಷಿಂಗ್ ಮಷೀನು. ಕಾರ್ಖಾನೆಯ ಸಿಬ್ಬಂದಿ ವಿಭಾಗದಲ್ಲಿ ಜೀವ ಸವೆಸಿ ನಿವೃತ್ತರಾದ ಅವರು ಹೊತ್ತು ಹೋಗದೆ ವೈಫೈ ರೂಟರಿನ ಒಳವ್ಯವಹಾರ ಇಣುಕಿ ನೋಡಿದ್ದರು. ಅಲ್ಲಿ ಕಂಡದ್ದು ಘೋರ ಅನ್ಯಾಯ. ಯಾವ ಯಂತ್ರ ಎದ್ದು ಕಣ್ಣುಬಿಟ್ಟರೂ ರೂಟರು ಅದಕ್ಕೆ ತೆರೆಮರೆಯಲ್ಲೇ ಕೈಗೆ ಸಿಕ್ಕಿದ ಒಂದು ವಿಳಾಸದ ನಂಬರು ಕೊಡುತ್ತದೆ, ಅದೂ ಕೆಲವು ಗಂಟೆಗಳ ಮಟ್ಟಿಗೆ. ಸೇವಾ ಹಿರಿತನಕ್ಕೆ ಮೂರು ಕಾಸಿನ ಬೆಲೆಯಿಲ್ಲ.

"ಫ್ಯಾಕ್ಟರೀಲಿ ನಮ್ಗೆಲ್ಲ ಇದ್ಹಾಗೆ ಟೋಕನ್ ನಂಬರ್ ಅಂದ್ರೆ ರಿಟೈರ್ ಆಗೋತನಕ ಒಂದೇ ಇರ್ಬೇಕು ಕಣೇ," ಎಂದರು ಹೆಂಡತಿಗೆ.

ಜಲಜಾ ತಂಬೂರಿ ಶ್ರುತಿ ಮಾಡುತ್ತಿದ್ದರು. "ಏನಾದ್ರೂ ಮಾಡ್ಕೊಳ್ಳಿ. ಸಾಯಂಕಾಲ ನನ್ನ ದೇವರನಾಮದ ಫೈನಲ್ಸ್ ಇದೆ, ಆನ್‌ಲೈನು. ಪ್ರತಿ ಸಲ ಹಲಸೂರಿನ ಪ್ರಿಯಂವದಾನೇ ಕಪ್ ಹೊಡೀತಾಳೆ. ಈ ಸಲಾನಾದ್ರೂ ನಂಗೆ ಬೇಕು. ಅದಕ್ಕೆ ಕಲ್ಲು ಹಾಕ್ಬೇಡಿ."

"ಕಲ್ಲಾ? ನಿನ್ನ ಫೋನನ್ನ ಕಾಯಂ ಮಾಡ್ತಿದೀನಿ."

ಮಧ್ಯಾಹ್ನದ ನಿದ್ದೆಯನ್ನೂ ತ್ಯಾಗ ಮಾಡಿ, ಮನೆಗೆ ಬಂದ ಕ್ರಮದಲ್ಲೇ ಎಲ್ಲಕ್ಕೂ ರೂಟರಿನಲ್ಲಿ ಕಾಯಂ ನಂಬರು ಬರೆಸಿದರು. ಒಂದನೇ ನಂಬರು ಸಹಜವಾಗಿಯೇ ಯಜಮಾನರ ಕಂಪ್ಯೂಟರಿಗೆ ಸಲ್ಲಬೇಕು. ಆದರೆ ರೂಟರು ಒಪ್ಪಲಿಲ್ಲ. ಎಂತೆಂಥ ಯೂನಿಯನ್ ಮುಖಂಡರನ್ನು ಮಣಿಸಿದ ವೆಂಕಟಾಚಲ ಈ ಅಂಗೈಯಗಲದ ಡಬ್ಬಿಗೆ ಬಗ್ಗುವರೇ? ತಾವೇ ಕಂಪ್ಯೂಟರಿನೊಳಗೆ ಒಂದನೇ ನಂಬರು ತುಂಬಿ, ಹೆಂಡತಿಗೂ ಕೇಳುವಂತೆ 'ಒಂದು!' ಎಂದು ಘೋಷಿಸಿ ಗುಂಡಿ ಒತ್ತಿದರು.

ಸಾಯಂಕಾಲ ಜಲಜಾ ರೇಷ್ಮೆ ಸೀರೆಯುಟ್ಟು ಫೋನಿನ ಮುಂದೆ ಕೂತರು. ಪರದೆಯ ಮೇಲೆ ಚಕ್ರ ಸುತ್ತತೊಡಗಿತು. ಟಿ.ವಿ.ಯೂ ಸ್ತಬ್ಧ. ಮೊಬೈಲ್ ಸಿಗ್ನಲ್ಲಂತೂ ಆ ಮನೆಯೊಳಗೆ ಎಂದೂ ಕಾಲಿಟ್ಟಿದ್ದಿಲ್ಲ.

"ರೀ, ಎಲ್ರಿಗೂ ನಂಬರ್ ಕೊಡೋ ಡಬ್ಬಿ ಇದ್ಯಲ್ಲ, ಅದರ ನಂಬರ್ ಎಷ್ಟು?"

ವೆಂಕಟಾಚಲ ಕೆಮ್ಮಿದರು. "ಒಂದು."

"ಅಂದ್ರೆ ಎಲ್ರೂ ಅದನ್ನ ಕೂಗಿದ್ರೆ ನಿಮ್ಮ ಕಂಪ್ಯೂಟರೂ 'ಹ್ಞೂಂ' ಅಂತಿದೆ."

"ಡಬ್ಬಿ ಮೊನ್ನೆ ಮೊನ್ನೆ ಬಂದಿದ್ದು ಕಣೇ. ಸೀನಿಯಾರಿಟಿ ಪ್ರಕಾರ ನೋಡಿದ್ರೆ..."

"ಸೀನಿಯಾರಿಟಿ ಇಟ್ಕೊಂಡು ಉಪ್ಪಿನಕಾಯಿ ಹಾಕ್ಕೊಳ್ಳಿ. ಇಷ್ಟೊತ್ತಿಗೆ ಅಲ್ಲಿ ಪ್ರಿಯಂವದಾ ಹಾಡು ಮುಗೀತಾ ಬಂದಿರುತ್ತೆ. ಮುಂದಿನ ಸರದಿ ನಂದು."

ಮಾತು ಗಡುಸಾಗಿದ್ದರೂ ಕಣ್ಣಲ್ಲಿ ನೀರಿತ್ತು. ವೆಂಕಟಾಚಲ ಓಡಿಹೋಗಿ ಕಂಪ್ಯೂಟರಿನಿಂದ ಒಂದನೇ ನಂಬರನ್ನು ಅಳಿಸಿ, 'ರೂಟರು ಕೊಟ್ಟದ್ದನ್ನು ತೆಗೆದುಕೊಳ್ಳುತ್ತೇನೆ' ಎಂಬರ್ಥದ ಚೌಕಕ್ಕೆ ಟಿಕ್ ಹಾಕಿದರು. ಚಕ್ರ ನಿಂತಿತು. ಜಲಜಾ ಕಣ್ಣೊರೆಸಿಕೊಂಡು ಹಾಡಿದರು. ಆ ಕೋಪವೆಲ್ಲ ಮೇಲಿನ ಷಡ್ಜಕ್ಕೆ ಹೋಗಿ ನಿಂತಿತೋ ಏನೋ, ಕಪ್ ಹಲಸೂರಿನ ದಾರಿ ಬಿಟ್ಟು ಜೀವನ್ ಬಿಮಾ ನಗರಕ್ಕೆ ತಿರುಗಿತು.

ವೆಂಕಟಾಚಲ ಮೆಲ್ಲಗೆ ರೂಟರಿನೊಳಗೆ ಮತ್ತೊಮ್ಮೆ ಇಣುಕಿದರು. ವಾಷಿಂಗ್ ಮಷೀನಿನವರೆಗೆ ಎಲ್ಲರೂ ಕಾಯಂ. ಕಟ್ಟಕಡೆಯಲ್ಲಿ, ಕೆಲವು ಗಂಟೆಗಳ ಮಟ್ಟಿಗೆ ನೇಮಕಗೊಂಡ ಏಕೈಕ ಹಂಗಾಮಿ, ಯಜಮಾನರ ಕಂಪ್ಯೂಟರು.

"ನನ್ನೊಬ್ಬನ್ನ ಕಾಯಂ ಮಾಡ್ಕೊಳ್ಳೋದು ಬಾಕಿ ಇದೆ," ಎಂದರು ಸಣ್ಣ ದನಿಯಲ್ಲಿ.

ಜಲಜಾ ತಂಬೂರಿಗೆ ಗವಸು ಹಾಕುತ್ತಾ ಹೇಳಿದರು: "ನಡತೆ ನೋಡ್ಕೊಂಡು ಹೇಳ್ತೀನಿ."