ಎರಡು ಸೇರು ಚುರುಮುರಿ

ಅತಿಶಯನಿಗೆ ಒಲೆ ಹೊತ್ತಿಸಲು ಬರುತ್ತಿತ್ತು. ಅದರ ಮೇಲೆ ಏನಿಡಬೇಕೆಂಬುದು ಮಾತ್ರ ಗೊತ್ತಿರಲಿಲ್ಲ. ಆದರೂ ಆ ಭಾನುವಾರ ಅವನು ಅಡುಗೆ ಮಾಡಲೇಬೇಕಿತ್ತು.

ಹೆಂಡತಿ ಅನುಜಾ ಬಸುರಿ. ಹೆಚ್ಚು ಹೊತ್ತು ನಿಲ್ಲಬಾರದೆಂದು ಡಾಕ್ಟರು ಹೇಳಿದ್ದರು. ಖಾನಾಪುರದ ಮಾವ ಜಿನಪಾಲರು, “ಮಗಳನ್ನ ಈಗಲೇ ಕರಕೊಂಡು ಹೋಗತೇವಿ” ಎಂದು ಫೋನು ಮಾಡಿದರು. ಅವಳಿಲ್ಲದ ಮನೆಯನ್ನು ನೆನೆಸಿಕೊಳ್ಳಲೂ ಅತಿಶಯನಿಗಾಗಲಿಲ್ಲ.

“ಬ್ಯಾಡ್ರಿ ಮಾವಾರ, ಇಲ್ಲಿ ಅಡಗಿ ನಾನ ಮಾಡತೇನಿ” ಎಂದುಬಿಟ್ಟ.

“ಹೌದ? ಹಂಗಾರ ರವಿವಾರ ಬರತೇವಿ. ನಿಮ್ಮ ಕೈಯಡಗಿ ಉಂಡು, ಕರಕೊಂಡು ಹೋಗೂದೋ ಬಿಡೂದೋ ಆಮ್ಯಾಲೆ ಠರಾಯಿಸೂಣು” ಎಂದರು ಮಾವ.

ಭಾನುವಾರ ಬೆಳಿಗ್ಗೆ ಹಲಸಿಯಲ್ಲಿದ್ದ ತಾಯಿಗೆ ಫೋನು ಹಚ್ಚಿದ.

“ಸೂಸಲಾ ಮಾಡೊ, ಸಸಾರ ಐತಿ. ನಾಕ ಮಂದಿಗೆ ಎರಡ ಸೇರು ಚುರುಮುರಿ. ನೀರಾಗ ತೋಯಿಸಿ ಹಿಂಡು, ಒಗ್ಗರಣಿ ಕೊಡು, ಮ್ಯಾಲೆ ಪುಟಾಣಿ ಹಿಟ್ಟು ಉದುರಸು. ಉಳ್ಳಾಗಡ್ಡಿ ಹಾಕೀಯ ಮತ್ತ, ಬೀಗರು ತಿನ್ನೂದಿಲ್ಲ!”

ಚುರುಮುರಿಯೆಂದರೆ ಮಂಡಕ್ಕಿ, ಅದು ಗೊತ್ತಿತ್ತು. ಸೇರು ಎಂದರೆ ಎಷ್ಟು? ಎದುರುಮನೆ ಕಟ್ಟೆಯ ಮೇಲೆ ಬಸಯ್ಯಜ್ಜ ಪೇಪರು ಓದುತ್ತಿದ್ದ. ಊರಿನವರು ಕೇಳದ ಪ್ರಶ್ನೆಗೂ ಉತ್ತರ ಕೊಡುವವನು, ಕೇಳಿದರೆ ಬಿಟ್ಟಾನೆಯೇ?

“ಸೇರಂದ್ರ ಕಿಲೋಕ್ಕಿಂತ ಒಂಚೂರು ಕಮ್ಮಿ. ಬೆಲ್ಲ ಸೇರಿಲೇನ ತೂಗಸತಿದ್ದವಿ. ನೀ ಎರಡ ಕಿಲೋ ತಗೊಂಬಾ. ಬೀಗರ ಮುಂದ ಕಮ್ಮಿ ಬೀಳಬಾರದು.”

ಬೆಲ್ಲದ ಮಟ್ಟಿಗೆ ಅಜ್ಜನ ಮಾತು ಖರೆಯೇ. ಆದರೆ ತಾಯಿ ಹೇಳಿದ್ದು ತಕ್ಕಡಿಯ ಸೇರಲ್ಲ, ತುಂಬಿ ಅಳೆಯುವ ಪಾತ್ರೆಯ ಸೇರು. ಅದರ ತುಂಬ ಚುರುಮುರಿ ಹಾಕಿದರೂ ಒಂದು ಪಾರಿವಾಳದ ತೂಕವಾಗದು.

ಅಂಗಡಿಯವನು ಸುರಿದ, ಸುರಿದ, ಚೀಲ ಬದಲಿಸಿ ಮತ್ತೆ ಸುರಿದ. “ಮನ್ಯಾಗ ಕಾರ್ಯ ಏನ್ರಿ?”

“ಇಲ್ರಿ, ಮಾವ ಬರ್ತಾರ.”

“ಒಬ್ಬರ?” ಎಂದು ಅಂಗಡಿಯವನು ಕಣ್ಣರಳಿಸಿದ.

ಮನೆಯಿದ್ದ ಅನಗೋಳದ ಗಲ್ಲಿಯೊಳಗೆ ಸ್ಕೂಟರಿನ ಮೇಲೆ ಚೀಲವೇ ಸವಾರಿ ಬಂದಂತಿತ್ತು. ಅದರ ಹಿಂದೆ ಎಲ್ಲೋ ಅತಿಶಯನಿದ್ದ. ನೀರಿಗೆ ಬಿದ್ದರೆ ಕುಗ್ಗೀತೆಂದು ಅಷ್ಟನ್ನೂ ತೋಯಿಸಿದ. ಪಾತ್ರೆಗಳು ತುಂಬಿದವು, ಕುಕ್ಕರು ತುಂಬಿತು, ಹೊಸ ಬಕೆಟ್ಟೂ ತುಂಬಿತು. ಮಲಗಿದ್ದ ಅನುಜಾ ಎದ್ದು ಬಂದು ಬಾಗಿಲಲ್ಲಿ ನಿಂತವಳು, ಹೊಟ್ಟೆ ಹಿಡಿದುಕೊಂಡು ನಕ್ಕಳು.

“ಏನ್ರೀ, ನನ್ನ ಬಯಕಿ ಇಷ್ಟು ದೊಡ್ಡದಿಲ್ಲ!”

ನಗು ಕೇಳಿ ಪಕ್ಕದ ಮನೆಯ ಸಾತವ್ವ ಓಡಿಬಂದಳು. “ಅಯ್ಯ ತಮ್ಮಾ! ತೋಯ್ದಾವು, ಇನ್ನ ಇಟ್ಟರ ಗಂಜಿ ಆಗತಾವ. ಸರಿ ಅತ್ಲಾಗ!”

ಅಷ್ಟರಲ್ಲಿ ಮಾವನ ಫೋನು: “ದೇಸೂರ ಬಂತ ನೋಡ್ರಿ, ಇನ್ನ ಅರ್ಧ ತಾಸಿನ್ಯಾಗ ಬಂದ್ವಿ.”

ಸಾತವ್ವ ತನ್ನ ಮನೆಯ ದೊಡ್ಡ ಕಡಾಯಿ ತಂದಳು. ಎರಡು ಕಿಲೋ ಹೇಳಿದ್ದ ಬಸಯ್ಯಜ್ಜನನ್ನು ಶಿಕ್ಷೆಯೆಂದು ಹಸಿಮೆಣಸಿನಕಾಯಿ ಹೆಚ್ಚಲು ಕೂಡಿಸಿದಳು. ಮೆಣಸಿನ ಕೈಯಲ್ಲೇ ಕಣ್ಣುಜ್ಜಿಕೊಂಡ ಅಜ್ಜ ಹೆಣದ ಮನೆಗೆ ಬಂದವನಂತೆ ಕಣ್ಣೀರಿಟ್ಟ. ಉಪ್ಪು ಎಷ್ಟು ಚಮಚೆಯೆಂದು ಅತಿಶಯ ಕೇಳಿದರೆ, “ನಾಲಿಗೀಲೆ ಅಳಿ!” ಎಂದು ಗದರಿದಳು. ಅವನು ಬೆವರುತ್ತ ತಿರುವಿದ, ರುಚಿ ನೋಡಿದ, ಲಿಂಬೆ ಹಿಂಡಿದ, ಮತ್ತೆ ತಿರುವಿದ. ಒಗ್ಗರಣೆಯ ಘಮಕ್ಕೆ ಗಲ್ಲಿಯವರು ತಟ್ಟೆ ಹಿಡಿದೇ ಬಂದರು.

ಜಿನಪಾಲರೂ ಅತ್ತೆ ಕಾಂತಾ ಅವರೂ ರಿಕ್ಷಾ ಇಳಿದಾಗ ಇಡೀ ಗಲ್ಲಿ ಕಟ್ಟೆಗಳ ಮೇಲೆ ಕೂತು ಸೂಸಲಾ ತಿನ್ನುತ್ತಿತ್ತು. “ನಿಮ್ಮ ಅಳಿಯನ ಕೈಗುಣ ಭಾರಿ ಐತ್ರಿ!” ಎಂದ ಬಸಯ್ಯಜ್ಜ ಕೆಂಪು ಕಣ್ಣಿನಿಂದ. ಮಾವ ಎರಡು ಸಲ ಬಡಿಸಿಕೊಂಡರು. ಅವರ ಮುಖ ಅರಳಿದ್ದನ್ನು ಕಂಡು ಅತಿಶಯನಿಗೆ ಜೀವ ಬಂತು.

“ಹಂಗಾರ ಮಾವಾರ, ಅನುಜಾ ಇಲ್ಲೇ ಇರಲಿ, ಹೌದಲ್ಲರಿ?”

“ಇಲ್ಲೇ ಯಾಕ? ಇಷ್ಟು ದಿನ ನಿಮ್ಮ ಅತ್ತೀನ ಅಡ್ಡ ಇದ್ದಳ್ರಿ. ‘ಮಗಳನ್ನ ಕರಕೊಂಡು ಬಂದ್ರ ಅಳಿಯಂದ್ರು ಉಪಾಸ ಬೀಳತಾರ, ಬ್ಯಾಡ’ ಅಂತ ಹಟ. ನೀವು ನೋಡಿದ್ರ ಗಲ್ಲಿಗೇ ಉಣಸತೀರಿ! ಇನ್ನ ಏನ ಕಾಳಜಿ?” ಮಾವ ಒಳಗೆ ತಿರುಗಿ ಕೂಗಿದರು: “ಅನುಜಾ, ಅರಬಿ ಸೀರಿ ಚೀಲದಾಗ ತುಂಬಕೋವಾ. ಸಂಜೀಕ ಕಾರ್ ಹೇಳತೇನಿ.”

ಅತಿಶಯ ಆಸೆಯಿಂದ ಅತ್ತೆಯ ಮುಖ ನೋಡಿದ. ಅವರು ಉಳಿದ ಸೂಸಲಾವನ್ನು ಡಬ್ಬಿಗೆ ತುಂಬುತ್ತಿದ್ದರು.

“ರಾತ್ರಿಗೆ ನಿಮಗ ಇದ ಆತ್ರಿ,” ಎಂದರು ನೆಮ್ಮದಿಯಿಂದ. “ನಾಳಿಯಿಂದ ಮಾಡಕೊಳ್ರಿ.”