ಕೆಮಿಸ್ಟ್ರಿ ಮೇಷ್ಟ್ರ ಕಪಾಟು

ಮನೆಯಲ್ಲಿ ಒಂದು ಕಪಾಟು ತುಂಬ ಕೆಮಿಸ್ಟ್ರಿ ಪುಸ್ತಕಗಳಿದ್ದರೆ, ನಾವು ಸುಮ್ಮನೆ ಕೂತಿದ್ದರೂ ಇಂಥವು ನಡೆಯುತ್ತಲೇ ಇರುತ್ತವೆ.

ಪುಸ್ತಕಗಳು ನಮ್ಮ ಯಜಮಾನರವು. ಹೊನ್ನಾಳಿ, ನ್ಯಾಮತಿ, ಕೊನೆಗೆ ಜಗಳೂರು ಎಂದು ವರ್ಗವಾದ ಕಡೆಯೆಲ್ಲ ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳಿಕೊಟ್ಟರು. ಮನೆ ಮಾತ್ರ ಚನ್ನಗಿರಿಯದೇ. ಭಾನುವಾರ ಬಾಗಿಲು ತೆರೆದಿಟ್ಟು, ಯಾವ ಪ್ರವೇಶ ಪರೀಕ್ಷೆಗೆ ಏನು ಓದಬೇಕು, ವಿದ್ಯಾರ್ಥಿವೇತನಕ್ಕೆ ಎಲ್ಲಿ ಅರ್ಜಿ ಹಾಕಬೇಕು, ಬೇಸಿಗೆಯಲ್ಲಿ ಯಾವ ಲ್ಯಾಬಿನವರು ವಿದ್ಯಾರ್ಥಿಗಳನ್ನು ಕರೆಯುತ್ತಾರೆ ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಮಾತು ಮುಗಿದ ಮೇಲೆ ಟೀ ಲೋಟಗಳನ್ನು ತಾವೇ ತೊಳೆದು, ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಗಾಜಿನ ಮೇಲೆ ನೀರು ಹನಿಯಾಗಿ ನಿಂತರೆ ಜಿಡ್ಡು ಹೋಗಿಲ್ಲವೆಂದು ಅರ್ಥ. ತೆಳ್ಳಗೆ ಹರಡಿ ಇಳಿದುಹೋಗಬೇಕು.

ಹೋದ ವರ್ಷ ಅವರು ತೀರಿಕೊಂಡರು. ಭಾನುವಾರ ಬರುವುದು ನಿಲ್ಲಲಿಲ್ಲ, ಹುಡುಗರು ಬರುವುದೂ ನಿಲ್ಲಲಿಲ್ಲ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು. ಪುಸ್ತಕ ಹುಡುಕಿಕೊಡಬಲ್ಲೆ, ತಪ್ಪು ತಿದ್ದಬಲ್ಲೆ. ಆದರೆ ಯಾರನ್ನಾದರೂ ಮಾತಾಡಿ ಒಪ್ಪಿಸುವುದು ನನಗೆ ಬಾರದು. ಅದು ಅವರ ಕೆಲಸವಾಗಿತ್ತು.

ಈ ಸಲ ಬೇಕಾಗಿದ್ದು ಅದೇ. ಜಗಳೂರು ಕಡೆಯ ಹುಡುಗಿಯೊಬ್ಬಳು ಬಂದಳು. ಇವರ ಹತ್ತಿರ ಓದಿದವಳು, ಈಗ ದಾವಣಗೆರೆಯಲ್ಲಿ ಎಂ.ಎಸ್ಸಿ. ಹೊರರಾಜ್ಯದ ಒಂದು ದೊಡ್ಡ ಲ್ಯಾಬಿನಲ್ಲಿ ಬೇಸಿಗೆಯ ಎರಡು ತಿಂಗಳು ಕೆಲಸ ಕಲಿಯಬೇಕು, ಅದು ಸಿಕ್ಕರೆ ಮುಂದೆ ಪಿಎಚ್.ಡಿ.ಗೆ ದಾರಿಯಾಗುತ್ತದೆ ಎಂದು ಅವಳ ಆಸೆ.

"ಸಿಗೋದು ಒಂದು ಕಷ್ಟ ಮೇಡಂ," ಅಂದಳು. "ಸಿಕ್ಕ ಮ್ಯಾಲೆ ನಮ್ಮಪ್ಪ ಕಳಿಸೋದು ಇನ್ನೂ ದೊಡ್ಡ ಕಷ್ಟ."

ರಜಾ ಅರ್ಜಿ

ಲ್ಯಾಬಿನವರು, ನಿಮಗೆ ಸಂಶೋಧನೆ ಏಕೆ ಬೇಕು ಎಂದು ಒಂದು ಪುಟ ಬರೆಯಲು ಹೇಳಿದ್ದರು. ಹುಡುಗಿ ಬರೆದು ತಂದಳು. ನಮ್ಮ ಮಕ್ಕಳಿಗೆ ಶಾಲೆಯಲ್ಲಿ ಗಟ್ಟಿಯಾಗಿ ಕಲಿಸಿರುವ ಪತ್ರ ಒಂದೇ, ಜ್ವರ ಬಂದಾಗ ಬರೆಯುವ ರಜಾ ಅರ್ಜಿ. ಅವಳ ಇಂಗ್ಲಿಷನ್ನು ಕನ್ನಡದಲ್ಲಿ ಹೇಳುವುದಾದರೆ, "ನಾನು ಸಾವಯವ ರಸಾಯನಶಾಸ್ತ್ರದ ಆಸಕ್ತಿಯಿಂದ ಬಳಲುತ್ತಿರುವುದರಿಂದ, ದಯಮಾಡಿ ಎರಡು ತಿಂಗಳು ಮಂಜೂರು ಮಾಡಬೇಕೆಂದು ಬೇಡಿಕೊಳ್ಳುತ್ತೇನೆ." ಕೆಳಗೆ ಎಡಗಡೆಗೆ ಪೋಷಕರ ಸಹಿಗೆ ಜಾಗ.

"ಇದು ಬೇಡಮ್ಮ," ಅಂದೆ.

"ಅಪ್ಪನ ಸಹಿ ಇಲ್ಲದಂಗೆ ಇಲ್ಲೀತನಕ ಯಾರೂ ನಂಗೆ ಏನೂ ಮಂಜೂರು ಮಾಡಿಲ್ಲ ಮೇಡಂ!"

ಇಬ್ಬರೂ ಮಧ್ಯಾಹ್ನವೆಲ್ಲ ಕೂತು ಹೊಸದಾಗಿ ಬರೆದೆವು. ಒಂದೊಂದು ಅಲ್ಪವಿರಾಮವನ್ನೂ ನಾನೇ ನೋಡಿದೆ. ಅವಳು ದೇವರಿಗೆ ಕೈಮುಗಿದು ಇ-ಮೇಲಿನಲ್ಲಿ ಕಳಿಸಿದಳು. ಆಮೇಲೆ ತೆರೆದು ನೋಡಿದರೆ ಹೋಗಿದ್ದು ಮೊದಲಿನದೇ, ಅಪ್ಪನ ಸಹಿಯ ಜಾಗ ಸಮೇತ.

ದೇವರ ಮನೆಯ ಪುಸ್ತಕ

ಅಚ್ಚರಿಯೆಂದರೆ ಆ ಅರ್ಜಿಗೇ ಉತ್ತರ ಬಂತು. ಕಂಪ್ಯೂಟರಿನಲ್ಲೇ ಸಂದರ್ಶನ ಮಾಡುತ್ತೇವೆ, ತಯಾರಾಗಿ ಎಂದಿದ್ದರು. ತಯಾರಿಗೆ ಬೇಕಾದ ದಪ್ಪ ಪುಸ್ತಕ ಕಪಾಟಿನಲ್ಲಿರಲಿಲ್ಲ. ದಸರಾಕ್ಕೆ ಮೊದಲೇ ಹೊನ್ನಾಳಿಯ ಬಿ.ಎಸ್ಸಿ. ಹುಡುಗನೊಬ್ಬ ಒಯ್ದಿದ್ದ. ಫೋನು ಮಾಡಿದೆ.

"ಪುಸ್ತಕ ಐತೆ ಮೇಡಂ. ಆದ್ರೆ ತೆಗೆಯಾಕೆ ನಮ್ಮವ್ವ ಬಿಡಲ್ಲ."

ಸರಸ್ವತಿ ಪೂಜೆಗೆ ಇಟ್ಟ ಪುಸ್ತಕವನ್ನು ಎಲ್ಲರೂ ವಿಜಯದಶಮಿಯ ದಿನ ತೆಗೆದು ಓದುತ್ತಾರೆ. ಇವನ ತಾಯಿ, ಪರೀಕ್ಷೆ ಹತ್ತಿರವಿದೆ, ಇನ್ನಷ್ಟು ದಿನ ಪೂಜೆಯಾಗಲಿ ಎಂದು ರಿಸಲ್ಟ್ ಬರುವತನಕ ಮುಂದುವರಿಸಿದ್ದರು. ದಿನಾ ಹೂವು, ಊದುಬತ್ತಿ. ಹುಡುಗ ನೋಟ್ಸ್ ಓದಿಕೊಂಡೇ ಪರೀಕ್ಷೆ ಬರೆದಿದ್ದ.

ಕೊನೆಗೆ ಫಸ್ಟ್ ಕ್ಲಾಸ್ ಬಂತು. ತಾಯಿಯೇ ಬಸ್ಸಿನಲ್ಲಿ ಬಂದು, ಅರಿಶಿನ ಕುಂಕುಮ ಮೆತ್ತಿದ ಪುಸ್ತಕವನ್ನು ಎರಡೂ ಕೈಯಲ್ಲಿ ನನಗೆ ಕೊಟ್ಟರು.

"ಭಾಳ ಸತ್ಯದ ಪುಸ್ತಕ ರೀ ಮೇಡಂ. ಮುಟ್ಟದಿದ್ರೂ ಫಸ್ಟ್ ಕ್ಲಾಸ್ ಕೊಡ್ತು. ಆ ಜಗಳೂರು ಹುಡುಗೀಗೂ ಹೇಳ್ರಿ, ಸುಮ್ನೆ ತೆಗೆದು ಓದಿ ಅದರ ಶಕ್ತಿ ಕಳೀಬ್ಯಾಡ ಅಂತ."

ನಲ್ಲೂರಿನ ನೀರು

ಅದೇ ಹೊನ್ನಾಳಿ ಹುಡುಗನಿಗೆ ವಿದ್ಯಾರ್ಥಿ ಪ್ರಾಜೆಕ್ಟ್ ಒಂದು ಸಿಕ್ಕಿತ್ತು, ಊರೂರಿನ ಬೋರ್‌ವೆಲ್ ನೀರು ಎಷ್ಟು ಗಡಸು ಎಂದು ಅಳೆಯುವುದು. ನಲ್ಲೂರಿನ ಒಂದು ಬೀದಿಯಲ್ಲಿ ಮನೆಮನೆಗೂ ಬಾಟಲಿ ಕೊಟ್ಟು ನೀರು ತುಂಬಿಸಿಕೊಂಡು ಬಂದ. ಗಡಸು ನೀರಿಗೆ ಸೂಚಕದ ಹನಿ ಬಿಟ್ಟರೆ ಕೆಂಪಾಗಬೇಕು. ಎಲ್ಲ ಬಾಟಲಿಯೂ ನೇರವಾಗಿ ನೀಲಿ. ಲವಣವೇ ಇಲ್ಲ! ಒಂದು ಬಾಟಲಿಯಲ್ಲಂತೂ ಇರುವೆ ತೇಲುತ್ತಿತ್ತು.

ಹುಡುಗ ದೊಡ್ಡ ಸಂಶೋಧನೆ ಮಾಡಿದೆನೆಂದು ಕುಣಿಯುತ್ತಿದ್ದ. ನಾನು, ಯಾವುದಕ್ಕೂ ಒಮ್ಮೆ ಕೇಳಿ ಬರೋಣ ಎಂದು ಅವನ ಜೊತೆ ಹೋದೆ. ಬೀದಿಯ ಮೊದಲ ಮನೆಯ ಹೆಂಗಸು ಸಂಕೋಚವೇ ಇಲ್ಲದೆ ಹೇಳಿದರು.

"ಬಿಸಿಲಾಗೆ ಕಾಲೇಜಿನ ಹುಡುಗ ಬಂದು ನೀರು ಕೇಳ್ತಾನೆ. ಬೋರ್ ನೀರು ಕೊಟ್ರೆ ಊರ ಮರ್ಯಾದೆ ಏನಾಗ್ಬೇಕು? ನಾನೇ ಎಲ್ಲರಿಗೂ ಹೇಳಿ ಫಿಲ್ಟರ್ ನೀರು ತುಂಬಿಸ್ದೆ."

"ಇರುವೆ ಇದ್ದ ಬಾಟಲಿ?"

"ಅದು ನಮ್ಮನೇದು ರೀ. ಚೂರು ಬೆಲ್ಲ ಹಾಕಿದ್ದೆ. ಮನೆಗೆ ಬಂದೋರಿಗೆ ಬರೀ ನೀರು ಕೊಡ್ತಾರೇನ್ರೀ?"

ಮನೆ ನೋಡುವ ಶಾಸ್ತ್ರ

ಸಂದರ್ಶನದ ದಿನ ಬಂತು. ರಜೆಗೆ ಊರಿಗೆ ಬಂದಿದ್ದ ಹುಡುಗಿ, ಅಲ್ಲಿ ನೆಟ್‌ವರ್ಕ್ ಸರಿಯಿಲ್ಲವೆಂದು ನಮ್ಮ ಮನೆಗೇ ಬಂದಳು. ಹಿಂದೆಯೇ ಅವಳ ಅಪ್ಪ, ಅಜ್ಜಿ. ಅಜ್ಜಿ ರೇಷ್ಮೆ ಸೀರೆ ಉಟ್ಟು ಮಡಿಲಲ್ಲಿ ಹಣ್ಣಿನ ಚೀಲ ಇಟ್ಟುಕೊಂಡಿದ್ದರು.

"ಎರಡು ತಿಂಗಳು ಹೆಣ್ಣುಮಗಳು ಇರೋ ಜಾಗ," ಅಂದರು ಅಪ್ಪ. "ಮನೆ ನೋಡದಂಗೆ ಹೆಂಗೆ ಕಳಿಸಾಕಾಗುತ್ತೆ ಮೇಡಂ? ನಂಗೆ ಮನಸ್ಸಿಲ್ಲ. ನಮ್ಮವ್ವ ಹೂಂ ಅಂದ್ರೆ ನೋಡಾನ."

ನಾನು ಹಿಂದಿನ ದಿನದಿಂದ, ನಮ್ಮ ಯಜಮಾನರಿದ್ದರೆ ಏನು ಹೇಳುತ್ತಿದ್ದರು ಎಂದು ಯೋಚಿಸಿ ಮಾತುಗಳನ್ನು ಜೋಡಿಸಿಕೊಂಡಿದ್ದೆ. ಅವನ್ನು ಹೇಳುವುದು ಬಿಟ್ಟು ಎಲ್ಲರಿಗೂ ಟೀ ಕೊಟ್ಟೆ.

ಯಜಮಾನರ ಲ್ಯಾಪ್‌ಟಾಪಿನಲ್ಲಿ ಆ ಲ್ಯಾಬಿನ ಪ್ರೊಫೆಸರ್ ಕಾಣಿಸಿದರು. ನಡುವಯಸ್ಸಿನ ಹೆಂಗಸು, ಕನ್ನಡ ಬಾರದು. "ನಿನ್ನ ಬಳಲಿಕೆ ಈಗ ಹೇಗಿದೆ?" ಎಂದು ನಗುತ್ತಲೇ ಶುರುಮಾಡಿದರು. ಹುಡುಗಿ ಕೆಂಪಾದಳು. ಆದರೆ ಕೇಳಿದ್ದಕ್ಕೆಲ್ಲ ಚೆನ್ನಾಗಿ ಉತ್ತರ ಕೊಟ್ಟಳು. ಆಯ್ಕೆಯಾಯಿತು ಎಂದು ಪ್ರೊಫೆಸರ್ ಅಲ್ಲೇ ಹೇಳಿದರು. ಅಷ್ಟರಲ್ಲಿ ಅಜ್ಜಿ ಪಕ್ಕದಿಂದ ಮುಖ ತೂರಿಸಿದರು.

"ಹುಡುಗಿ ನೋಡಿದ್ದಾತಲ್ಲ. ಇನ್ನ ಮನೆ ತೋರ್ಸಾಕೆ ಹೇಳು."

ಹುಡುಗಿ ಅಳುಮುಖ ಮಾಡಿಕೊಂಡು ಇಂಗ್ಲಿಷಿನಲ್ಲಿ ಹೇಳಿದಳು. ಪ್ರೊಫೆಸರ್ ಬೇಸರಪಡಲಿಲ್ಲ. ನನ್ನ ಅಜ್ಜಿಯೂ ಹೀಗೇ ಇದ್ದರು ಎಂದು, ಲ್ಯಾಪ್‌ಟಾಪ್ ಎತ್ತಿಕೊಂಡು ಲ್ಯಾಬಿನೊಳಗೆ ನಡೆದರು.

ಗಾಜಿನ ಪರದೆಯ ಹಿಂದೆ ಏನೋ ಕುದಿಯುತ್ತಿತ್ತು. ಹೊಗೆ ಮೇಲಿನ ಕೊಳವೆಗೆ ಹೋಗುತ್ತಿತ್ತು. "ಒಲೆ ಮ್ಯಾಲೆ ಹೊಗೆ ಹೋಗಾಕೆ ದಾರಿ ಐತೆ," ಅಂದರು ಅಜ್ಜಿ. "ಕಟ್ಟಿದೋರು ತಿಳಿದೋರು."

ಮುಂದೆ ನೀರಿನ ತೊಟ್ಟಿ. ಇಬ್ಬರು ಹುಡುಗರು ತೋಳು ಮಡಚಿಕೊಂಡು ಫ್ಲಾಸ್ಕು ತೊಳೆಯುತ್ತಿದ್ದರು. ಅಜ್ಜಿ ಕನ್ನಡಕ ಹಾಕಿಕೊಂಡರು.

"ಅವರ್ಯಾರೇ?"

"ಪಿಎಚ್.ಡಿ. ಮಾಡೋರು ಅಜ್ಜಿ."

"ಗಂಡುಡುಗ್ರಲ್ಲೇನೆ?"

"ಹೂಂ."

ಅಜ್ಜಿ ಮಗನ ಕಡೆ ತಿರುಗಿದರು. "ಕಳಿಸೋ! ನೀನಾಗ್ಲಿ ನಿಮ್ಮಪ್ಪ ಆಗ್ಲಿ ಒಂದು ಲೋಟ ತೊಳೆದಿದ್ದು ನಾ ಕಂಡಿಲ್ಲ. ಗಂಡಸ್ರು ಪಾತ್ರೆ ತೊಳೆಯೋ ಮನೆ ಮತ್ತೆಲ್ಲಿ ಸಿಗ್ತತಿ?"

ಅಪ್ಪ ಕೈಯಲ್ಲಿದ್ದ ಟೀ ಲೋಟವನ್ನು ಒಮ್ಮೆ ನೋಡಿ, ಎಲ್ಲಿಡಬೇಕೆಂದು ತಿಳಿಯದೆ, "ಆತು ಬಿಡವ್ವ," ಅಂದರು.

ಬೇಸಿಗೆಯಲ್ಲಿ ಹುಡುಗಿ ಹೋದಳು. ಒಂದು ಭಾನುವಾರ ಅವಳ ಫೋನು.

"ಕೆಲಸ ಹೇಗಿದೆಯಮ್ಮ?"

"ಹೊಸಬರು ಮೊದ್ಲು ಫ್ಲಾಸ್ಕು ತೊಳೀಬೇಕಂತೆ ಮೇಡಂ. ಆ ಹುಡುಗ್ರು ನಾ ಬಂದಿದ್ದೇ ತಡ, ಕೈ ಒರೆಸ್ಕೊಂಡು ಹೋದ್ರು. ಬಂದಾಗಿಂದ ನಾನೇ ತೊಳೀತಿದೀನಿ."

"ಬೆಳಕಿಗೆ ಹಿಡಿದು ನೋಡು. ಹನಿ ನಿಂತರೆ..."

"ಇನ್ನೊಂದು ಸಲ ತೊಳೀಬೇಕು. ಸರ್ ಹೇಳಿದ್ದು ಮರೆತಿಲ್ಲ ಮೇಡಂ. ಇಷ್ಟು ಚೆನ್ನಾಗಿ ತೊಳೆಯೋದು ಯಾರು ಕಲಿಸಿದ್ರು ಅಂತ ಪ್ರೊಫೆಸರೂ ಕೇಳಿದ್ರು."

ಆ ಕಡೆಯಿಂದ ನಲ್ಲಿಯ ನೀರಿನ ಸದ್ದು ಕೇಳುತ್ತಿತ್ತು. ಆಮೇಲೆ ಹುಡುಗಿ ದನಿ ತಗ್ಗಿಸಿದಳು.

"ಮೇಡಂ, ಅಜ್ಜಿಗೆ ಮಾತ್ರ ಹೇಳಬ್ಯಾಡ್ರಿ. ನಾಳೇನೇ ಬಂದು ಕರ್ಕೊಂಡು ಹೋಗ್ತಾಳೆ."