ಬೈಗಳಿಗೆ ಸೀಟಿ ಊದುವವರು

ಇವರೊಬ್ಬರ ಬಗ್ಗೆ ಬರೆಯಬೇಕೆಂದು ಎಷ್ಟೋ ವರ್ಷಗಳಿಂದ ಅಂದುಕೊಳ್ಳುತ್ತಿದ್ದೇನೆ, ಪ್ರತಿ ಸಲವೂ ಒಂದು ನೆವ ಹುಡುಕಿ ಮುಂದಕ್ಕೆ ಹಾಕುತ್ತಿದ್ದೇನೆ. ಬಿತ್ತಿಗೆ ಮುಗಿಯಲಿ, ಸುಗ್ಗಿ ಆಗಲಿ, ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ನೋಡೋಣ. ಈಗ ಕಣ್ಣೂ ನಿಚ್ಚಳವಾಗಿದೆ, ನೆವಗಳೂ ತೀರಿವೆ. ಹೈಸ್ಕೂಲಿನ ತನಕ ಓದಿದವನು ನಾನು, ಚಂದ ಮಾಡಿ ಬರೆಯಲು ಬಾರದು. ನಗು ಬರುವ ಭಾಗದಿಂದ ಶುರು ಮಾಡುತ್ತೇನೆ. ಅದು ಸುಲಭ.

ನಮ್ಮ ಕಲಘಟಗಿ ತಾಲ್ಲೂಕಿನಲ್ಲಿ ಒಬ್ಬರಿದ್ದಾರೆ, ಅವರು ಹತ್ತಿರ ಸುಳಿದರೆ ಎತ್ತುಗಳು ಹೆಜ್ಜೆ ಕಿತ್ತಿಡುವುದಿಲ್ಲ! ಮಾಟವಲ್ಲ, ಕಣ್ಣುದೃಷ್ಟಿಯಲ್ಲ. ಬೈಯದೆ ಎತ್ತು ಹೊಡೆಯಲು ನಮ್ಮ ರೈತರಿಗೆ ಬರುವುದಿಲ್ಲ, ಅವರ ಎದುರಿಗೆ ಬೈಯುವ ಹಾಗಿಲ್ಲ. ಕೊರಳಲ್ಲಿ ಸದಾ ಒಂದು ಸೀಟಿ. ಯಾರ ಬಾಯಿಂದಲಾದರೂ ಒಂದು ಹೊಲಸು ಮಾತು ಬಿತ್ತೆಂದರೆ ಕಿವಿ ಹರಿಯುವಂತೆ ಊದುತ್ತಾರೆ. ಸಂತೆಯಾದರೂ ಸರಿ, ಮದುವೆಯಾದರೂ ಸರಿ, ಮಣ್ಣಿಗೆ ಹೋದಲ್ಲಾದರೂ ಸರಿ.

ಬಮ್ಮಿಗಟ್ಟಿಯ ರೈತನೊಬ್ಬ ಒಮ್ಮೆ ತನ್ನ ಮೊಂಡ ಎತ್ತಿಗೆ, ರೂಢಿಯಂತೆ, ಅದರ ತಾಯಿಯನ್ನೂ ಸೇರಿಸಿ ಬೈದ. ಬದುವಿನಾಚೆಯಿಂದ ಸೀಟಿ ಬಂತು. ಎತ್ತೂ ನಿಂತಿತು, ರೈತನೂ ನಿಂತ. ತಾನು ಯಾವ ಮನುಷ್ಯರಿಗೂ ಬೈದಿಲ್ಲ, ಎತ್ತಿಗೆ ಬೈದದ್ದು ಎಂದು ಅವನ ತಕರಾರು.

“ಯಾಕ, ಎತ್ತಿಗೆ ಅವ್ವ ಇರೂದಿಲ್ಲೇನು?” ಎಂದರು ಇವರು.

ರೈತ ತಲೆ ಕೆರೆದುಕೊಂಡು, “ಇರತಾಳ್ರಿ. ಇದರವ್ವ ನಮ್ಮ ಕೊಟಗ್ಯಾಗ ಅದಾಳ” ಎಂದನಂತೆ. ಹಾಗಾದರೆ ಮನೆಗೆ ಹೋದ ಕೂಡಲೇ ಅದರ ಮುಂದೆ ಒಂದು ಹೊರೆ ಹಸಿಹುಲ್ಲು ಹಾಕು ಎಂದು ತೀರ್ಪು ಕೊಟ್ಟು ಇವರು ಹೊರಟುಹೋದರು. ರೈತ ಹಾಕಿದ ಅಂತಲೂ ಕೇಳಿದ್ದೇನೆ!

ಈ ಚಟ ಈಗಿನದಲ್ಲ. ನಿವೃತ್ತಿಯಾಗುವ ತನಕ ಅವರು ಬಸ್ ಕಂಡಕ್ಟರ್ ಆಗಿದ್ದರು. ಒಂದು ಸೀಟಿಗೆ ಬಸ್ಸು ನಿಲ್ಲಬೇಕು, ಎರಡಕ್ಕೆ ಹೊರಡಬೇಕು, ಇದು ನಿಯಮ. ಬೈಗಳಿಗೂ ಇವರದು ಒಂದೇ ಸೀಟಿ. ಡ್ರೈವರ್ ಪಾಪ, ಸ್ಟಾಪೋ ಬೈಗಳೋ ತಿಳಿಯದೆ ಬ್ರೇಕು ಒತ್ತುತ್ತಿದ್ದ. ತಂಬೂರಿನ ಬಸ್ಸು ದೇವಿಕೊಪ್ಪದ ಹತ್ತಿರ ನಡುದಾರಿಯಲ್ಲಿ ನಿಂತಿತೆಂದರೆ ಒಳಗೆ ಯಾರೋ ಬಾಯಿ ಬಿಟ್ಟಿದ್ದಾರೆ ಎಂದು ಹೊರಗಿನವರಿಗೂ ಗೊತ್ತಾಗುತ್ತಿತ್ತು. ಬೈದವನು ಬೈಸಿಕೊಂಡವನಿಗೆ ತಪ್ಪಾಯಿತು ಅನ್ನುವ ತನಕ ಎರಡನೆಯ ಸೀಟಿ ಇಲ್ಲ. ಆಮೇಲೆ ಪ್ರಯಾಣಿಕರೇ ಎದ್ದು ಬೈದವನ ಮೈಮೇಲೆ ಬೀಳುತ್ತಿದ್ದರು: ದವಾಖಾನೆಗೆ ಹೊತ್ತಾಯಿತು, ಕೋರ್ಟಿಗೆ ಹೊತ್ತಾಯಿತು, ಲಗೂನ ಅಂದು ಮುಗಿಸಪ್ಪಾ. ಎಂಥೆಂಥ ಮೀಸೆಯವರು ಆ ಬಸ್ಸಿನಲ್ಲಿ ತಪ್ಪೊಪ್ಪಿಕೊಂಡಿದ್ದಾರೆ! ಒಬ್ಬನನ್ನು ಬಿಟ್ಟು. ಆ ಒಬ್ಬ ಆ ಬಸ್ಸನ್ನು ಹತ್ತುತ್ತಲೇ ಇರಲಿಲ್ಲ. ಮೊದಲು ಸೈಕಲ್, ಆಮೇಲೆ ಮೋಟಾರ್ ಸೈಕಲ್ ಇಟ್ಟುಕೊಂಡಿದ್ದ. ನಾನೇ ಅವನು.

ನಿವೃತ್ತಿಯಾದ ಮೇಲೆ ಅವರು ಕಬಡ್ಡಿಯ ರೆಫ್ರಿ ಆದರು. ನಮ್ಮ ಕಡೆ ಕಬಡ್ಡಿ ಅಂಗಳದಲ್ಲಿ ಆಡುವ ಮಾತನ್ನು ಮನೆಯ ಅಂಗಳದಲ್ಲಿ ಆಡಿದರೆ ಹೆಂಗಸರು ಕಸಬರಿಗೆ ತೆಗೆದುಕೊಳ್ಳುತ್ತಾರೆ. ಇವರು ರೆಫ್ರಿಯಾದ ಊರಲ್ಲಿ ಹುಡುಗರು ಬಾಯಿಗೆ ಬೀಗ ಹಾಕಿಕೊಂಡು ಆಡಬೇಕು. ಕಬಡ್ಡಿ ಕಬಡ್ಡಿ ಬಿಟ್ಟು ಬೇರೆ ಮಾತಿಲ್ಲ. ಮಂತ್ರ ಹೇಳುವ ಮಠದ ಹಾಗೆ ಇರುತ್ತದೆ ಎಂದು ಹುಡುಗರು ಗೊಣಗುತ್ತಾರೆ.

ಹೋದ ವರ್ಷ ಚಾದಂಗಡಿಯ ಕಟ್ಟೆಯ ಮೇಲೆ ಕೂತಿದ್ದಾಗ ಅವರು ನನಗೆ ಮೊಬೈಲಿನಲ್ಲಿ ಆಸ್ಟ್ರೇಲಿಯಾದ ಒಂದು ಆಟ ತೋರಿಸಿದರು. ಚೆಂಡು ತತ್ತಿಯ ಆಕಾರ, ಮೈದಾನವೂ ತತ್ತಿಯ ಆಕಾರ. ಒದೆಯುತ್ತಾರೆ, ಹಿಡಿಯುತ್ತಾರೆ, ಒಬ್ಬರ ಮೇಲೊಬ್ಬರು ಬಿದ್ದು ಉರುಳುತ್ತಾರೆ. ನಿಯಮ ಏನೆಂದು ನನಗೂ ತಿಳಿಯಲಿಲ್ಲ, ಅವರಿಗೂ ತಿಳಿದಿರಲಿಲ್ಲ, ಆದರೂ ಇಬ್ಬರೂ ಬಾಯಿ ತೆರೆದು ನೋಡಿದೆವು. ಆ ನೆಲದ ಮೂಲ ಜನರಲ್ಲಿ ಹುಟ್ಟಿದ ಆಟಗಾರರನ್ನು ಮೈಬಣ್ಣ ಹಿಡಿದು ಬೈಯುವುದು ಹಿಂದೆ ಅಲ್ಲಿ ಆಟದ ಒಂದು ಭಾಗವೇ ಆಗಿತ್ತಂತೆ. ಮೈದಾನದಲ್ಲಿ ಆದದ್ದನ್ನು ಮೈದಾನದಲ್ಲೇ ಬಿಟ್ಟು ಬರಬೇಕು ಅನ್ನುತ್ತಿದ್ದರಂತೆ. ಈಗ ಮಾತಿಗೂ ಶಿಕ್ಷೆ ಇದೆಯಂತೆ, ಆದರೂ ಪೂರಾ ನಿಂತಿಲ್ಲವಂತೆ. ಇದನ್ನೆಲ್ಲ ಅವರ ಮಗಳು ಓದಿ ಹೇಳಿದ್ದಳು.

“ನೋಡ್ರಿ ಗೌಡ್ರ, ಸಮುದ್ರದ ಆಚೀಕಡೆನೂ ಐತಿ ಇದು” ಎಂದರು.

ನಾನು ಹೂಂ ಎಂದು ಚಹಾ ಊದಿಕೊಂಡೆ. ಆರಿದ ಚಹಾ ಅದು.

ಇಲ್ಲಿಗೆ ನಗುವ ಭಾಗ ಮುಗಿಯಿತು.

ನಾನೂ ಅವರೂ ಒಂದೇ ಊರಿನವರು, ಒಂದೇ ತರಗತಿಯವರು. ನಾವು ಊರ ನಡುವಿನ ಲಿಂಗವಂತರು, ಹೊಲ ಮನೆ ಇದ್ದವರು. ಅವರು ಹಳ್ಳದ ದಂಡೆಯ ದಲಿತರ ಕೇರಿಯವರು. ಶಾಲೆಯಲ್ಲಿ ಕಬಡ್ಡಿ ಆಡುವಾಗ ಅವನು (ಆಗ ನನಗೆ ಅವನು ‘ಅವನು’ ಕೂಡ ಆಗಿರಲಿಲ್ಲ, ‘ಲೇ’ ಆಗಿದ್ದ) ರೈಡಿಗೆ ಬಂದನೆಂದರೆ ನಾವು ಯಾರೂ ಹಿಡಿಯುತ್ತಿರಲಿಲ್ಲ. ಹಿಡಿಯಬೇಕಾದರೆ ತಬ್ಬಬೇಕಲ್ಲ? ತಬ್ಬಿದರೆ ಮನೆಯಲ್ಲಿ ಬಾಗಿಲ ಹೊರಗೇ ತಣ್ಣೀರು ಸುರಿಯುತ್ತಿದ್ದರು. ಆದ್ದರಿಂದ ಅವನು ಉಸಿರು ಹಿಡಿದು ಬರುತ್ತಿದ್ದ, ಬೆರಳ ತುದಿಯಿಂದ ನಮ್ಮನ್ನು ಮುಟ್ಟುತ್ತಿದ್ದ, ಸಂತೆಗೆ ಬಂದವನಂತೆ ನಿಧಾನ ತಿರುಗಿ ಹೋಗುತ್ತಿದ್ದ. ಜಗತ್ತಿನ ಅತಿ ದೊಡ್ಡ ರೈಡರ್! ಮಡಿ ಮಾಡಿ ಮಾಡಿ ನಾವೇ ಅವನನ್ನು ಗೆಲ್ಲಿಸುತ್ತಿದ್ದೆವು. ಅವನಿಗೆ ಇದರಿಂದ ಖುಷಿ ಇರಲಿಲ್ಲ. ಒಮ್ಮೆ ತಿರುಗಿ ಹೋಗುವಾಗ ನಡುಗೆರೆಯ ಮೇಲೆ ನಿಂತು, “ಹಿಡೀರಿ ಲೇ, ಒಮ್ಮೆರ ಹಿಡೀರಿ” ಎಂದಿದ್ದ. ನಾವು ನಕ್ಕೆವು.

ಒಂದು ವರ್ಷ ಪಂಚಮಿಗೆ ಊರ ಮುಂದೆ ಆಟ ಇಟ್ಟರು. ಡ್ರಿಲ್ ಮಾಸ್ತರರು ಹಟ ಹಿಡಿದು ಕೇರಿಯ ಹುಡುಗರದೂ ಒಂದು ತಂಡ ಮಾಡಿಸಿದರು. ಎದುರಿಗೆ ನಮ್ಮ ಓಣಿ, ನಾನೇ ಕ್ಯಾಪ್ಟನ್. ಚಾವಡಿಯ ಕಟ್ಟೆಯ ಮೇಲೆ ನಮ್ಮ ಅಪ್ಪ ಮತ್ತು ಊರ ಹಿರಿಯರು. ದೂರದಲ್ಲಿ ಬೇರೆಯಾಗಿ ಕೇರಿಯ ಮಂದಿ. ಅವರಲ್ಲಿ ಅವನ ತಾಯಿಯೂ ನಿಂತಿದ್ದಳು. ನಮ್ಮ ಹೊಲದಲ್ಲಿ ಕಳೆ ತೆಗೆಯುವವಳು, ಮುಂಜಾನೆ ನಮ್ಮ ಹಿತ್ತಲ ಬಾಗಿಲಿಗೆ ಬಂದು ನಿಂತು, ನಿನ್ನೆಯ ರೊಟ್ಟಿಗೆ ಸೆರಗೊಡ್ಡುವವಳು. ನಮ್ಮವ್ವ ಮೇಲಿನಿಂದ ಹಾಕುತ್ತಿದ್ದಳು, ಸೆರಗಿಗೆ ಕೈ ತಾಗದಂತೆ.

ಆಟ ಶುರುವಾಯಿತು. ಅವನು ಬರುವುದು, ಇಬ್ಬರನ್ನು ಮುಟ್ಟುವುದು, ಹೋಗುವುದು. ನಮ್ಮ ಹುಡುಗರು ಒಬ್ಬೊಬ್ಬರಾಗಿ ಹೊರಗೆ ನಿಂತರು. ಕಟ್ಟೆಯ ಮೇಲಿನ ನಗು ನಿಂತಿತು. ಕೊನೆಗೆ ನಾನೊಬ್ಬನೇ ಉಳಿದೆ. ಅವನು ಬಂದ. ಅವನನ್ನು ಹಿಡಿಯಲು ನನಗೆ ತೋಳಿನಲ್ಲಿ ಬಲವಿತ್ತು. ಹಿಡಿಯಲಿ ಎಂಬಂತೆ ಅವನೂ ತೀರ ಹತ್ತಿರ ಬಂದ, ಇದು ನನಗೆ ಇವತ್ತಿಗೂ ಸ್ಪಷ್ಟವಾಗಿದೆ. ನಾನು ಅಪ್ಪನ ಮುಖ ನೋಡಿದೆ. ಇನ್ನೊಂದು ದಾರಿ ಇತ್ತು. ರೈಡಿಗೆ ಬಂದವನ ಉಸಿರು ಕಡಿದು ಕಬಡ್ಡಿ ಅನ್ನುವುದು ನಿಂತರೆ ಅವನು ಔಟು. ನಾನು ಅವನ ಜಾತಿಯ ಹೆಸರು ಹಿಡಿದು, ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಎಲ್ಲರಿಗೂ ಕೇಳುವಂತೆ ಕೂಗಿದೆ:

“ನಿಮ್ಮವ್ವ ನಾಳಿ ಮುಂಜಾನೆ ನಮ್ಮ ಹಿತ್ತಲಕ್ಕ ಸೆರಗೊಡ್ಡಾಕ ಬರಬೇಕಲೇ, ನೆಪ್ಪಿರಲಿ.”

ಅವನು ನನ್ನನ್ನು ಹೊಡೆಯಲು ಬರಲಿಲ್ಲ. ತಿರುಗಿ ತಾಯಿಯ ಕಡೆ ನೋಡಿದ. ನೋಡುವಾಗ ಬಾಯಿ ನಿಂತಿತು. ಮಾಸ್ತರರು ಔಟು ಎಂದರು. ಓಣಿಯವರು ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡರು. ಆ ಎತ್ತರದಿಂದ ನನಗೆ ಅವಳು ಕಂಡಳು. ಸೆರಗಿನ ತುದಿಯನ್ನು ಹಿಡಿದುಕೊಂಡಿದ್ದವಳು ಅದನ್ನು ಬಿಟ್ಟುಬಿಟ್ಟಳು, ಕೆಂಡ ಮುಟ್ಟಿದವರ ಹಾಗೆ.

ಮರುದಿನ ಮುಂಜಾನೆ ಅವಳು ಬಂದಳು. ಹಸಿವಿಗೆ ಸಿಟ್ಟು ಮಾಡಿಕೊಂಡು ಮನೆಯಲ್ಲಿ ಕೂರುವ ಅನುಕೂಲ ಇರುವುದಿಲ್ಲ. ಆದರೆ ಸೆರಗೊಡ್ಡಲಿಲ್ಲ. ಒಂದು ಬುಟ್ಟಿ ತಂದಿದ್ದಳು, ಅದನ್ನು ನೆಲಕ್ಕಿಟ್ಟು ಮುಖ ಆಚೆ ಮಾಡಿ ನಿಂತಳು. ನಮ್ಮವ್ವನಿಗೆ ಅದು ಸೊಕ್ಕಾಗಿ ಕಂಡಿತು. ರೊಟ್ಟಿ ಹಾಕಿ ಬಾ ಎಂದು ನನ್ನನ್ನು ಕಳಿಸಿದಳು. ನಾನು ಹಾಕಿದೆ. ನನಗೂ ಅವಳಿಗೂ ನಡುವೆ ಒಂದು ಬುಟ್ಟಿಯಷ್ಟೇ ಜಾಗ ಇತ್ತು. ಒಂದು ಮಾತು ಅನ್ನಬಹುದಿತ್ತು. ಅವಳು ಸಾಯುವ ತನಕ ಎಷ್ಟೋ ಮುಂಜಾನೆ ಆ ಬುಟ್ಟಿ ಬಂತು, ನಾನು ಅನ್ನಲಿಲ್ಲ. ಮಗನಿಗೂ ಅನ್ನಲಿಲ್ಲ. ಇಬ್ಬರ ಕೂದಲೂ ಬೆಳ್ಳಗಾದವು. ಅವರ ಸೀಟಿಯ ಚಟಕ್ಕೆ ಊರೆಲ್ಲ ನಕ್ಕಾಗ ಕಾರಣ ಗೊತ್ತಿದ್ದ ನಾನೂ ಕೂಡಿ ನಕ್ಕೆ.

ಈಗ ಕಳೆದ ತಿಂಗಳ ಮಾತು. ನಮ್ಮೂರ ಹೈಸ್ಕೂಲ್ ಬಯಲಲ್ಲಿ ಪಂದ್ಯ. ಅವರು ರೆಫ್ರಿ, ನಾನು ಶಾಲು ಹೊದ್ದು ಮುಂದಿನ ಕುರ್ಚಿಯಲ್ಲಿ ಕೂತ ಅತಿಥಿ. ನಮ್ಮ ತಂಡದ ಕ್ಯಾಪ್ಟನ್ ನನ್ನ ತಮ್ಮನ ಮೊಮ್ಮಗ. ಎದುರು ತಂಡದಲ್ಲಿ ದಲಿತರ ಹುಡುಗನೊಬ್ಬ ರೈಡಿಗೆ ಬಂದ. ನಮ್ಮವನು ಹಾರಿ ಅವನನ್ನು ತಬ್ಬಿ ಹಿಡಿದ. ನನಗೆ ನಿಜವಾಗಿ ಹೆಮ್ಮೆ ಆಯಿತು. ನೋಡಪ್ಪಾ, ಈಗಿನವರು ಹಿಡಿಯುತ್ತಾರೆ, ಯಾರೂ ಮನೆಗೆ ಹೋಗಿ ತಣ್ಣೀರು ಸುರಿದುಕೊಳ್ಳುವುದಿಲ್ಲ! ಅಷ್ಟರಲ್ಲಿ ನಮ್ಮವನು ಅವನನ್ನು ಕೆಡವಿ, ಬೆನ್ನಿನ ಮೇಲೆ ಮಂಡಿಯೂರಿ, ಕಿವಿಯ ಹತ್ತಿರ ಬಾಗಿ, ನನ್ನ ಕುರ್ಚಿಗೂ ಕೇಳುವಂತೆ, ಅದೇ ಹೆಸರು ಹಿಡಿದು ಬೈದ. ನಾವು ಮುಟ್ಟದೆ ಬೈದೆವು, ಇವರು ಮುಟ್ಟಿ ಬೈಯುತ್ತಾರೆ. ಇಷ್ಟು ವರ್ಷಗಳಲ್ಲಿ ನಾವು ನಡೆದ ದೂರ ಇಷ್ಟೇ ಏನು?

ಸೀಟಿ ಬಿತ್ತು. ತಪ್ಪಾಯಿತು ಅನ್ನು, ಇಲ್ಲ ಹೊರಗೆ ಹೋಗು ಎಂದರು. ನಮ್ಮವನು, ಆಟದಲ್ಲಿ ಇದೆಲ್ಲ ಇದ್ದದ್ದೇ, ಎಂದು ವಾದಕ್ಕೆ ನಿಂತ. ಜನ ಗಲಾಟೆ ಮಾಡಿದರು. ಆಗ ಅವರು ಅಂಗಳ ದಾಟಿ ನನ್ನ ಕುರ್ಚಿಯ ಮುಂದೆ ಬಂದು ನಿಂತರು.

“ಗೌಡ್ರ, ನೀವೂ ಆಡಿದವರು. ಇಂಥಾ ಮಾತು ಆಟದಾಗ ನಡೀತದೇನ್ರಿ? ನೀವ ಹೇಳ್ರಿ.”

ಅವರ ದನಿಯಲ್ಲಿ ಚುಚ್ಚು ಇರಲಿಲ್ಲ. ನನಗೆ ಒಂದು ಬಾಗಿಲು ತೆರೆದು ಹಿಡಿದು ನಿಂತಿದ್ದರು ಅಷ್ಟೇ. ಊರೆಲ್ಲ ನೋಡುತ್ತಿತ್ತು. ನಾನು ಶಾಲು ಸರಿಮಾಡಿಕೊಂಡು ಅಂದೆ:

“ಹುಡುಗ್ರು, ಬಿಡು ಅತ್ಲಾಗ. ಆಟ ಅಂದಮ್ಯಾಲ ಒಂದ ಮಾತು ಬರತದ, ಹೋಗತದ.”

“ಹಂಗಾರ ಆಡ್ರಿ” ಎಂದು ಅವರು ಸೀಟಿಯನ್ನು ಕಿಸೆಗೆ ಹಾಕಿಕೊಂಡು ಹೊರಟುಹೋದರು. ಬೈಸಿಕೊಂಡ ಹುಡುಗ ಅಂಗಿ ತೊಟ್ಟು ಅವರ ಹಿಂದೆಯೇ ನಡೆದ. ರೆಫ್ರಿ ಇಲ್ಲದ ಆಟ ಸ್ವಲ್ಪ ಹೊತ್ತಿನಲ್ಲೇ ಬಡಿದಾಟವಾಯಿತು. ನಮ್ಮ ಕ್ಯಾಪ್ಟನ್ ಬೆರಳು ಮುರಿದುಕೊಂಡ. ಬಹುಮಾನದ ಕಪ್ಪು ಯಾರಿಗೂ ಸಿಗದೆ ನನ್ನ ಮಡಿಲಲ್ಲೇ ಉಳಿಯಿತು.

ಮರುದಿನ ಮಧ್ಯಾಹ್ನ ನಾನು ಅವರ ಮನೆಗೆ ಹೋದೆ. ಹುಟ್ಟಿ ಬೆಳೆದ ಊರಲ್ಲಿ ಮೊದಲ ಸಲ ಆ ಹೊಸ್ತಿಲು ದಾಟಿದ್ದು. ಅವರ ಮಗಳು ಚಹಾ ಕೊಟ್ಟಳು. ಗೋವಿನಜೋಳದ ಹುಳದ ಬಗ್ಗೆ ಮಾತಾಡಿದೆ, ಮೊಣಕಾಲು ನೋವಿನ ಬಗ್ಗೆ ಮಾತಾಡಿದೆ, ಕಾಲುವೆ ನೀರಿನ ಬಗ್ಗೆ ಮಾತಾಡಿದೆ. ಅವರು ಎಲ್ಲಕ್ಕೂ ಹೌದ್ರಿ ಅನ್ನುತ್ತ ಶೇಂಗಾ ಸುಲಿಯುತ್ತಿದ್ದರು. ಎರಡನೆಯ ಚಹಾ ಬಂತು. ಮಾತಾಡಲು ಊರಲ್ಲಿ ಇನ್ನೇನೂ ಉಳಿದಿರಲಿಲ್ಲ.

“ಆ ಪಂಚಮ್ಯಾಗ ನಾ ಅಂದ ಮಾತು...” ಎಂದೆ. “ತಪ್ಪಾತ್ರಿ.” ಅವರಿಗೆ ನಾನು ರೀ ಹಚ್ಚಿ ಮಾತಾಡಿದ್ದೂ ಅದೇ ಮೊದಲು.

ಅವರು ಶೇಂಗಾ ಸುಲಿಯುವುದನ್ನು ನಿಲ್ಲಿಸಿದರು.

“ನನಗ್ಯಾಕ ಹೇಳತೀರಿ ಗೌಡ್ರ? ಆ ಮಾತು ನೀವು ನನಗ ಅಂದಿದ್ದಿಲ್ಲ.”

ಅವರೇ ಮುಂದುವರಿಸಿದರು, ಮೆಲ್ಲಗೆ, ನನಗೆ ನೋವಾಗಬಾರದು ಎಂಬಂತೆ:

“ಅವ್ವ ಆ ದಿನ ಕೂಲಿ ಬಿಟ್ಟು ಬಂದಿದ್ಲು. ನಾ ಆಡೂದು ಅಕಿ ನೋಡಿದ್ದು ಅದೊಂದ ಸಲ. ಅಕಿ ಹೆಸರರ ಗೊತ್ತೈತೇನ್ರಿ ನಿಮಗ?”

ಗೊತ್ತಿರಲಿಲ್ಲ. ನಮ್ಮ ಹೊಲದಲ್ಲಿ ಬೆನ್ನು ಬಾಗಿಸಿದವಳು, ನಮ್ಮ ಹಿತ್ತಲಲ್ಲಿ ನಿಂತವಳು. ನಮ್ಮ ಮನೆಯಲ್ಲಿ ಒಬ್ಬರೂ ಅವಳನ್ನು ಹೆಸರು ಹಿಡಿದು ಕರೆದದ್ದು ನಾನು ಕೇಳಿಲ್ಲ. ಏ, ಬಂದಿ ಏನ? ಅಷ್ಟೇ. ನಾನು ತಲೆ ಅಲ್ಲಾಡಿಸಿದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. ನನ್ನ ಕೈಯಲ್ಲಿ ಒಂದಿಷ್ಟು ಶೇಂಗಾ ಕಾಳು ಹಾಕಿ, ಹೆಸರು ಹೇಳಿದರು. ತಿರುಗಿ ಬರುವಾಗ ಮರೆಯಬಾರದೆಂದು ದಾರಿಯುದ್ದಕ್ಕೂ ಅದನ್ನೇ ಅನ್ನುತ್ತ ಬಂದೆ.

ದುರಗವ್ವ.